ಮೂರೂವರೆ ಗಂಟೆಯ ಟ್ರಿಪ್ ಶೀಟು

ಮೇ 3

ನಾನು ಸೀಟಿ ಊದದೆ ಈ ಊರಿನಲ್ಲಿ ಸೂರ್ಯ ಹುಟ್ಟಿದ ದಾಖಲೆ ಇಲ್ಲ. ಇಂದೂ ಊದಿದೆ, ಐದೂ ಮುಕ್ಕಾಲಿಗೆ. ಮೊದಲ ಬಸ್ಸು ಹೊರಟಿತು. ಅದರ ಹಿಂದೆಯೇ ಅವನೂ ಬಂದ — ಕೆಂಪಗೆ, ಕಣ್ಣುಜ್ಜಿಕೊಂಡು, ತಡವಾಗಿ ಬಂದ ಕಂಡಕ್ಟರನ ಹಾಗೆ. ಕ್ಷಮಿಸಿದೆ.

ಮೂವತ್ತೊಂದು ವರ್ಷದಿಂದ ಇದೇ ಬಸ್ ನಿಲ್ದಾಣದ ಟೈಂ ಕೀಪರ್. ಬಸ್ಸು ಬಿಟ್ಟ ಹೊತ್ತು ಬರಿ, ಮುಟ್ಟಿದ ಹೊತ್ತು ಬರಿ, ಎರಡರ ನಡುವಿನದು ರನ್ನಿಂಗ್ ಟೈಂ. ಓದಿದ್ದು ಹಳ್ಳಿಯಲ್ಲಿ ಏಳನೇ ಕ್ಲಾಸು. ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಆದರೆ ಬಾಯಿಲೆಕ್ಕಕ್ಕೆ ಬಂದರೆ ಆಫೀಸಿನ ಕಂಪ್ಯೂಟರು ನನ್ನ ಮುಂದೆ ಕೈಕಟ್ಟಿ ನಿಲ್ಲಬೇಕು.

ಸಂಜೆ ಅಕ್ಕನ ಮಗಳ ಫೋನು. ಅಕ್ಕ ಹೋದ ಮೇಲೆ ನಮ್ಮ ಮನೆಯಲ್ಲೇ ಬೆಳೆದವಳು. ಈಗ ಹನ್ನೆರಡು ಸಾವಿರ ಕಿಲೋಮೀಟರ್ ಆಚೆ, ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಬಿಟ್ಟುಹೋಗಿ ಆರು ವರ್ಷ. ಇದ್ದಾಗಲೂ ಅವನು ಲೆಕ್ಕಕ್ಕಿರಲಿಲ್ಲ. ಈಗ ಅವಳಿಗೆ ಬೆನ್ನುಮೂಳೆ ಆಪರೇಷನ್ ಅಂತೆ. ಮೂರು ತಿಂಗಳು ಹಾಸಿಗೆ.

“ಮಗೂನ ಯಾರ ಹತ್ರ ಬಿಡೋದು ಅಂತಾನೇ ಗೊತ್ತಾಗ್ತಿಲ್ಲ ಮಾವ.”

“ಯಾರ ಹತ್ರ ಅಂದ್ರೇನೇ? ನಾನೇನು ಸತ್ತಿದೀನಾ?”

“ಒಬ್ಳೇ ಬರಬೇಕಾಗುತ್ತೆ. ವಿಮಾನದೋರೇ ನೋಡ್ಕೋತಾರೆ, ಇಳಿಸಿ ನಿಮ್ಮ ಕೈಗೆ ಕೊಡ್ತಾರೆ. ಆದ್ರೂ ಎಂಟು ವರ್ಷದ ಮಗು...”

“ಆದ್ರೂ ಗೀದ್ರೂ ಇಲ್ಲ. ವಿಮಾನದಲ್ಲಿ ಏನಿದೆ ಹೆದರೋಕೆ. ನಾನೆಷ್ಟು ಸಲ ಓಡಾಡಿಲ್ಲ.”

“ಯಾವಾಗ ಮಾವ?”

ಲೈನು ಸರಿಯಿಲ್ಲ ಎಂದು ಫೋನಿಟ್ಟೆ.

ಮೇ 5

ಭಾನುವಾರ. ಚಿನಕುರುಳಿ ಮಾತಾಡಿದಳು. ಆ ಹೆಸರು ನಾನಿಟ್ಟದ್ದು. ಬಾಯಿ ತೆರೆದರೆ ಪಟಪಟ. ಅವಳು ನನಗಿಟ್ಟ ಹೆಸರು ಮಾವಜ್ಜ — ಅಮ್ಮನಿಗೆ ಮಾವ, ತನಗೆ ಅಜ್ಜ, ಎರಡನ್ನೂ ಸೇರಿಸಿ ಹೊಲಿದುಬಿಟ್ಟಳು. ಕಣ್ಣಾರೆ ನೋಡಿದ್ದು ಒಂದೇ ಸಲ, ಮೂರು ವರ್ಷದವಳಿದ್ದಾಗ. ಉಳಿದದ್ದೆಲ್ಲ ಭಾನುವಾರದ ಫೋನು.

ಇಂದು ಪಟಪಟ ಇಲ್ಲ.

“ಮಾವಜ್ಜ, ಎಷ್ಟು ಹೊತ್ತು ಆಗುತ್ತೆ?”

“ಯಾವುದಕ್ಕೆ?”

“ನಾನು ಒಬ್ಳೇ ಇರೋದಕ್ಕೆ.”

ಟಿಕೆಟ್ ಬರಲಿ, ನಿಮಿಷದ ಲೆಕ್ಕ ಕೊಡುತ್ತೇನೆ ಎಂದೆ.

ಮೇ 9

ಟಿಕೆಟ್ಟಿನ ಫೋಟೋ ಬಂತು. ಅಕ್ಕನ ಮಗಳು ಕೆಳಗೆ ಬರೆದದ್ದು ಇಷ್ಟೇ: ‘ಟೈಂ ಇದರಲ್ಲಿದೆ ಮಾವ, ನೋಡಿಕೊಳ್ಳಿ.’ ನೋವಿನ ಮಾತ್ರೆ ನುಂಗಿ ಮಲಗಿರುತ್ತಾಳೆ ಪಾಪ. ಹೆಚ್ಚು ಬರೆಯಲು ಆಗುವುದಿಲ್ಲ.

21ನೇ ತಾರೀಕು. ಅಲ್ಲಿ ಬಿಡುವುದು ಸಂಜೆ 5. ಇಲ್ಲಿ ಮುಟ್ಟುವುದು ರಾತ್ರಿ 8.30.

ರನ್ನಿಂಗ್ ಟೈಂ ಮೂರೂವರೆ ಗಂಟೆ. ಪೆನ್ನು ಎತ್ತಲೂ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಸಾಧಾರಣ ತಲೆಗೆ ಹೊಳೆಯುವಂಥದ್ದಲ್ಲ, ಅದಕ್ಕೇ ಬರೆದಿಡುತ್ತೇನೆ. ಅವರ ಗಡಿಯಾರ ನಮಗಿಂತ ಹತ್ತು ಗಂಟೆ ಮುಂದೆ. ಟಿಕೆಟ್ ಬರೆದವರು ಅಲ್ಲಿಯವರು, ಬರೆದದ್ದು ಅವರ ಗಡಿಯಾರ ನೋಡಿ. ಟ್ರಿಪ್ ಶೀಟಿನಲ್ಲಿ ಬರೆಯುವ ಹೊತ್ತು ಯಾವಾಗಲೂ ಬಸ್ಸು ಬಿಟ್ಟ ನಿಲ್ದಾಣದ್ದೇ. ಅಂದರೆ ಅವರ ಎಂಟೂವರೆ ಎಂದರೆ ನಮ್ಮ ಬೆಳಗಿನ ಹತ್ತೂವರೆ. ದಡ್ಡ ಯಾರಾದರೂ ಆಗಿದ್ದರೆ ರಾತ್ರಿ ಎಂಟೂವರೆಗೆ ಆರಾಮಾಗಿ ಹೋಗುತ್ತಿದ್ದ. ಮಗು ಬಾಗಿಲಲ್ಲಿ ಹತ್ತು ಗಂಟೆ ಒಂದೇ ನಿಂತಿರುತ್ತಿತ್ತು. ನೆನೆದರೆ ಮೈ ಜುಮ್ಮೆನ್ನುತ್ತದೆ. ಸದ್ಯ, ನಾನಿದ್ದೆ.

ಮೇ 10

ಮನೆಯಾಕೆಗೆ ವಿವರಿಸಿದೆ. ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ.

“ರೀ, ಮೂರೂವರೆ ಗಂಟೇಲಿ ಅಷ್ಟು ದೂರ ಹೇಗ್ರೀ ಬರ್ತಾಳೆ?”

“ಅದು ವಿಮಾನ ಕಣೇ. ನಿನ್ನ ಮಿಷನ್ ಅಲ್ಲ.”

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಕ್ಕದ ಮನೆಯಿಂದ ಭೂಗೋಳದ ಚೆಂಡು ತಂದು ಅದರ ಮೇಲೆ ಅಳತೆಯ ಟೇಪು ಹಿಡಿದು ಕೂತಿದ್ದಾಳೆ, ಪಿನ್ನು ಬಾಯಲ್ಲಿ ಕಚ್ಚಿಕೊಂಡು. ಜಗತ್ತಿಗೆ ರವಿಕೆ ಹೊಲಿಯುವವಳ ಹಾಗೆ.

“ನೋಡಿ, ನಮ್ಮ ಗಿರಾಕಿ ಡಾಕ್ಟ್ರಮ್ಮ ಹೋಗಿದ್ರಲ್ಲ, ಆ ಊರು ಇಲ್ಲಿಂದ ಎರಡಿಂಚು. ಅವರಿಗೇ ನಾಲ್ಕು ಗಂಟೆ ಹಿಡೀತಂತೆ. ಮಗು ಇರೋದು ಆರೂಮುಕ್ಕಾಲು ಇಂಚು.”

“ಡಾಕ್ಟ್ರಮ್ಮ ಹೋಗಿದ್ದು ಶಟಲ್ಲು. ಎಲ್ಲಾ ಕಡೆ ನಿಲ್ಲಿಸುತ್ತೆ. ಇದು ನಾನ್‌ಸ್ಟಾಪ್.”

“ಆಕಾಶದಲ್ಲಿ ಎಲ್ಲಿ ನಿಲ್ಲಿಸ್ತಾರ್ರೀ?”

ಉತ್ತರ ಇತ್ತು. ಕೊಡಲಿಲ್ಲ. ಟೈಮಿನ ವಿಷಯ ಟೇಪಿನಿಂದ ಅಳೆಯುವವರ ಜೊತೆ ಏನು ವಾದ.

ಮೇ 12

ಫೋನಿನಲ್ಲಿ ಚಿನಕುರುಳಿ ಪಿಸುಗುಟ್ಟಿದಳು. ಅಮ್ಮನಿಗೆ ಕೇಳಿಸಬಾರದಂತೆ.

“ಮಾವಜ್ಜ, ನಂಗೆ ಭಯ. ಅಮ್ಮಂಗೆ ಹೇಳಿದ್ರೆ ಅವಳು ಆಪರೇಷನ್ನೇ ಬೇಡ ಅಂತಾಳೆ.”

ಎಂಟು ವರ್ಷಕ್ಕೆ ಇಷ್ಟು ಬುದ್ಧಿ ಎಲ್ಲಿಂದ ಬಂತೋ. ನಮ್ಮ ಅಕ್ಕನದೇ.

“ಕೈಗಡಿಯಾರ ಇದೆಯಾ?”

“ಇದೆ. ಗುಲಾಬಿ ಬಣ್ಣದ್ದು.”

“ಸಾಕು. ನಿಂಗೊಂದು ಟ್ರಿಪ್ ಶೀಟ್ ಬರೆದು ಕಳಿಸ್ತೀನಿ. ನಮ್ಮ ಡ್ರೈವರ್‌ಗಳಿಗೆ ಕೊಡ್ತೀನಲ್ಲ, ಅಂಥದ್ದೇ. ಅದರಂತೆ ನಡೆದರೆ ಭಯಕ್ಕೆ ಜಾಗಾನೇ ಇರಲ್ಲ. ಯಾರಿಗೂ ತೋರಿಸಬೇಡ, ಇಲಾಖೆ ಗುಟ್ಟು.”

ಆಫೀಸಿನ ಹಳದಿ ಹಾಳೆಯಲ್ಲೇ ಬರೆದು ಫೋಟೋ ಕಳಿಸಿದೆ. ಅಮ್ಮ ಮಲಗಿದ್ದಾಗ ಅವಳೂ ಒಂದು ಹಳದಿ ಹಾಳೆಗೇ ಕೈಬರಹದಲ್ಲಿ ಇಳಿಸಿಕೊಂಡಳಂತೆ. ನಕಲು ಇಲ್ಲಿರಲಿ:

ಸೊನ್ನೆ — ಬೆಲ್ಟು ಬಿಗಿ. ಕಿವಿ ಗುಂಯ್ ಎಂದರೆ ಆಕಳಿಸು.
ಅರ್ಧ ಗಂಟೆ — ಪಕ್ಕದವರಿಗೆ ಒಂದು ನಗು. ಒಂದೇ ಸಾಕು.
ಒಂದು — ತಿಂಡಿ. ಇಷ್ಟವಿಲ್ಲದ್ದನ್ನು ಬಿಡಬಹುದು, ಯಾರೂ ಬೈಯುವುದಿಲ್ಲ.
ಒಂದೂವರೆ — ಅಮ್ಮನ ನೆನಪು ಬರುತ್ತದೆ. ಹತ್ತು ನಿಮಿಷ ಅಳಬಹುದು. ಆಮೇಲೆ ಗಾಡಿ ಬಿಡಬೇಕು.
ಎರಡು — ನಿದ್ದೆ.
ಮೂರು — ಎದ್ದು ಜಡೆ ಹಾಕಿಕೋ.
ಮೂರೂವರೆ — ಬಾಗಿಲು. ಬಾಗಿಲಲ್ಲಿ ಮಾವಜ್ಜ.

ಕೆಳಗೆ ಸಹಿ, ಮೊಹರು. ನಿಜವಾದ ಮೊಹರೇ. ಸರ್ಕಾರಿ ಮೊಹರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇರಲಿಲ್ಲ.

ಮೇ 19

ಒಂದು ವಾರ ಬರೆಯಲಾಗಲಿಲ್ಲ. ಮಂಚಕ್ಕೆ ಬಣ್ಣ ಹೊಡೆದೆ. ಮೂರು ತಿಂಗಳ ಮಟ್ಟಿಗೆ ಸೇರಿಸಿಕೊಳ್ಳುತ್ತೀರಾ ಎಂದು ಶಾಲೆಯ ಹೆಡ್‌ಮಿಸ್ಸನ್ನು ಕಂಡು ಬಂದೆ. ಒಪ್ಪಿದರು, ನನ್ನ ಇಂಗ್ಲಿಷಿಗೆ ಬೆರಗಾಗಿ. ಮನೆಯಾಕೆ ಎರಡು ಫ್ರಾಕು ಹೊಲಿದಳು, ಅಂದಾಜಿನ ಮೇಲೆ. “ಮಗೂನ ಅಳೆಯೋಕಾಗ್ಲಿಲ್ಲ, ಭೂಮೀನೇ ಅಳೆದಿದೀನಿ, ಸರಿಹೋಗುತ್ತೆ,” ಎಂದಳು. ಚುಚ್ಚುಮಾತು.

ಅಕ್ಕನ ಮಗಳ ಫೋನು. ದನಿ ತೇಲುತ್ತಿತ್ತು.

“ಅವತ್ತು ಏರ್‌ಪೋರ್ಟಿಗೆ ನನ್ನ ಗೆಳತಿ ಬಿಡ್ತಾಳೆ ಮಾವ. ನಾನು ಆಸ್ಪತ್ರೇಲಿರ್ತೀನಿ, ಮಾರನೇ ದಿನ ಆಪರೇಷನ್. ನಿಮಗೆ ಟೈಂ ಗೊತ್ತಾಯ್ತಲ್ಲಾ?”

“ನಂಗೇ ಟೈಂ ಹೇಳ್ಕೊಡ್ತೀಯಾ?”

ನಕ್ಕಳು. ನಕ್ಕಾಗ ಬೆನ್ನು ನೋಯಿತೇನೋ, ತಟ್ಟನೆ ನಿಲ್ಲಿಸಿದಳು.

ಮೇ 21, ಬೆಳಗ್ಗೆ 7

ಈ ನಿಮಿಷಕ್ಕೆ ಅಲ್ಲಿ ಬಿಟ್ಟಿರಬೇಕು. ನಿಲ್ದಾಣದ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಸೀಟಿ ಊದಿದೆ. ನಾಲ್ಕು ಬಸ್ಸು ಒಟ್ಟಿಗೆ ಹೊರಟುಬಿಟ್ಟವು. ಬೈಗುಳ ತಿಂದೆ. ಪರವಾಗಿಲ್ಲ.

ಅರ್ಧ ದಿನ ರಜೆ. ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ದಾರಿ. ದಿನಚರಿ ಚೀಲದಲ್ಲೇ ಇದೆ.

ಬೆಳಗ್ಗೆ 10.05

ವಿಮಾನ ನಿಲ್ದಾಣ. ಬಸ್ ನಿಲ್ದಾಣವನ್ನು ತೊಳೆದು ಒರೆಸಿ, ಕೂಗುವವರನ್ನೆಲ್ಲ ಹೊರಗೆ ಹಾಕಿದರೆ ಹೀಗಿರುತ್ತದೆ. ಗಾಜಿನ ಬಾಗಿಲು ತಾನಾಗಿ ತೆರೆಯಿತು. ಗೌರವ.

ಬೋರ್ಡಿನಲ್ಲಿ ಅವಳ ವಿಮಾನ ಹುಡುಕಿದೆ. ಸಾಲಿನ ಕೊನೆಯಲ್ಲಿತ್ತು. 20.30, ಆನ್ ಟೈಂ.

ತಪ್ಪು ಬರೆದಿದ್ದಾರೆ. ಹೇಳಿ ಬರುತ್ತೇನೆ.

ಬೆಳಗ್ಗೆ 11

ಬರೆಯಬೇಕು, ಬರೆದರೆ ತಲೆ ಸ್ವಲ್ಪ ನಿಲ್ಲುತ್ತದೆ.

ಕೌಂಟರಿನಲ್ಲಿ ಒಬ್ಬ ಹೆಣ್ಣುಮಗಳು, ಕನ್ನಡಕ, ಮೂಗಿನ ತುದಿಗೆ ಶೀತ. ಹೇಳಿದೆ, “ಮೇಡಂ, ನಿಮ್ಮ ಬೋರ್ಡು ಅವರ ಗಡಿಯಾರ ತೋರಿಸ್ತಿದೆ. ಹತ್ತು ಕಳೀಬೇಕು.”

“ಇಲ್ಲ ಸರ್. ಬಿಡೋ ಟೈಂ ಅಲ್ಲೀದು, ಮುಟ್ಟೋ ಟೈಂ ಇಲ್ಲೀದು. ಎಲ್ಲಾ ಟಿಕೆಟ್ಟಲ್ಲೂ ಹಾಗೇ.”

“ಒಂದೇ ಶೀಟಲ್ಲಿ ಎರಡು ಗಡಿಯಾರಾನಾ? ಅದ್ಯಾವ ಲೆಕ್ಕ?”

“ಸರ್, ಹನ್ನೆರಡು ಸಾವಿರ ಕಿಲೋಮೀಟರ್. ಹದಿಮೂರೂವರೆ ಗಂಟೆ ಪ್ರಯಾಣ. ನೀವು ಸಂಜೆ ಆರಾಮಾಗಿ ಬನ್ನಿ.”

ಹದಿಮೂರೂವರೆ. ನನ್ನ ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತೆಂಟು.

ಈಗ ಜಡೆ ಹಾಕಿಕೊಂಡಿರುತ್ತಾಳೆ. ಚೀಲ ತೊಡೆಯ ಮೇಲಿಟ್ಟುಕೊಂಡಿರುತ್ತಾಳೆ. ಇನ್ನೆರಡು ನಿಮಿಷಕ್ಕೆ ಬಾಗಿಲು ನೋಡುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಕೆಳಗೆ ನೆಲವೂ ಇರುವುದಿಲ್ಲ. ಸಹಿ ಹಾಕಿ ಮೊಹರು ಒತ್ತಿ ಕೊಟ್ಟ ಶೀಟು ಅದು.

ಆ ಹೆಣ್ಣುಮಗಳಿಗೆ ಎಲ್ಲ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಕನ್ನಡಕ ತೆಗೆದು ಕೇಳಿದಳು.

“ಸರ್, ಕಂಪನಿ ಕಡೆಯಿಂದ ವಿಮಾನಕ್ಕೆ ಒಂದು ಸಣ್ಣ ಸಂದೇಶ ಕಳಿಸಬಹುದು. ಅಲ್ಲಿ ಪ್ರಿಂಟ್ ಆಗುತ್ತೆ. ನನ್ನ ಮೇಲಿನೋರನ್ನ ಕೇಳ್ತೀನಿ. ಆಗೇ ಆಗುತ್ತೆ ಅಂತ ಹೇಳಲ್ಲ. ಒಂದೇ ಸಾಲು. ಏನು ಬರೀಲಿ?”

“ಎದುರುಗಾಳಿ, ಅದಕ್ಕೇ ಲೇಟು ಅಂತ ಬರೀರಿ.”

ಅವಳು ಬರೆಯಲಿಲ್ಲ. ನನ್ನನ್ನೇ ನೋಡಿದಳು. “ಮಗು ಕಿಟಕಿ ಆಚೆ ಗಾಳಿ ನೋಡ್ತಾ ಕೂತ್ರೆ ಇನ್ನೂ ಹೆದರಲ್ವಾ ಸರ್?”

ಮೂವತ್ತೊಂದು ವರ್ಷ. ಲೇಟಾದಾಗೆಲ್ಲ ಡ್ರೈವರು, ರಸ್ತೆ, ಪಂಕ್ಚರು, ಎಮ್ಮೆ. ಎಂದೂ ನಾನಲ್ಲ.

“ಬರೀರಿ. ‘ಮಾವಜ್ಜನ ಲೆಕ್ಕ ತಪ್ಪು. ಇನ್ನೂ ಹತ್ತು ಗಂಟೆ. ಬಾಗಿಲಲ್ಲೇ ಇದ್ದೇನೆ.’”

“ಇದು ಮೂರು ಸಾಲು.”

“ಮೂರೂ ಬೇಕು ತಾಯಿ.”

ಕಾಗದ ಹಿಡಿದು ಒಳಗೆ ಹೋದಳು.

ಮಧ್ಯಾಹ್ನ 12.40

ಇನ್ನೂ ಬಂದಿಲ್ಲ. ಕೌಂಟರಿನಲ್ಲಿ ಬೇರೆ ಯಾರೋ ಕೂತಿದ್ದಾರೆ, ಅವರಿಗೇನೂ ಗೊತ್ತಿಲ್ಲ.

ಅಷ್ಟರಲ್ಲಿ ಒಬ್ಬ ಬಂದ. ನೀಲಿ ಅಂಗಿ, ಕೊರಳಲ್ಲಿ ಟ್ಯಾಗು, ಕೈಯಲ್ಲಿ ವಾಕಿಟಾಕಿ.

“ಅಂಕಲ್, ಕೇಳಿಸ್ಕೊಂಡೆ. ಆ ಕೌಂಟರ್ ನಂಬ್ಕೊಂಡ್ರೆ ನಾಳೆ ಹೋಗುತ್ತೆ ಸಂದೇಶ. ನನಗೆ ಟವರ್‌ನಲ್ಲಿ ಜನ ಇದಾರೆ. ಪೈಲಟ್ ಕಿವಿಗೇ ಹೇಳಿಸ್ತೀನಿ.”

“ದುಡ್ಡೆಷ್ಟು?”

“ಕಿಲೋಮೀಟರ್ ಲೆಕ್ಕ ಅಂಕಲ್. ದೂರ ಇದ್ದಷ್ಟು ಚಾರ್ಜು.”

ಅಲ್ಲಿ ನಂಬಿಕೆ ಬಂತು. ಮೋಸಗಾರ ಆಗಿದ್ದರೆ ಬಾಯಿಗೆ ಬಂದ ರೇಟು ಹೇಳುತ್ತಿದ್ದ. ಇವನು ಸ್ಟೇಜಿನ ಪ್ರಕಾರ ಹೇಳಿದ, ಇಲಾಖೆಯವನ ಹಾಗೆ. ಮಕ್ಕಳಿಗೆ ಹಾಫ್ ಟಿಕೆಟ್ ಅಲ್ಲವಾ ಎಂದು ಪಟ್ಟು ಹಿಡಿದು ಅರ್ಧಕ್ಕೆ ಇಳಿಸಿದೆ. ಏನೋ ಸ್ವಲ್ಪ, ಇಲ್ಲಿ ಬರೆಯುವಷ್ಟು ದೊಡ್ಡ ಮೊತ್ತವಲ್ಲ. ಫೋನಿನಲ್ಲೇ ಒತ್ತಿ ಕೊಟ್ಟೆ.

ಕಂಬದ ಆಚೆ ಹೋಗಿ ವಾಕಿಟಾಕಿಗೆ ಏನೋ ಹೇಳಿದ. ಹತ್ತು ನಿಮಿಷಕ್ಕೆ ಬಂದ.

“ಆಯ್ತು ಅಂಕಲ್. ಮಗು ಕೇಳಿಸ್ಕೊಂಡಿತಂತೆ. ನಕ್ಕಿತಂತೆ.”

ಹೋದ. ನಾನು ಬೆಂಚಿನಲ್ಲಿ ಕೂತೆ. ಕಣ್ಣಿಗೆ ಏಸಿ ಗಾಳಿ ಹೊಡೆಯುತ್ತಿದೆ.

ಸಂಜೆ 4

ಮನೆಯಾಕೆಗೆ ಫೋನು ಮಾಡಿದ್ದೆ, ‘ವಿಮಾನ ಸ್ವಲ್ಪ ಲೇಟು’ ಎಂದು. ಊಟದ ಡಬ್ಬಿ ಹಿಡಿದು ಬಸ್ಸು ಹತ್ತಿ ಬಂದೇಬಿಟ್ಟಳು. ಬೋರ್ಡು ನೋಡಿದಳು. ಬೆರಳಲ್ಲಿ ಏನೋ ಎಣಿಸಿದಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ.

“ಮೊದ್ಲು ಊಟ ಮಾಡಿ,” ಎಂದಳು.

ಬೈದಿದ್ದರೆ ಎರಡು ತುತ್ತು ಹೆಚ್ಚಿಗೆ ಇಳಿಯುತ್ತಿತ್ತು.

“ಅವಳ ಅಮ್ಮಂಗೆ ಹೇಳಿದ್ರಾ?”

“ನಾಳೆ ಆಪರೇಷನ್ ಕಣೇ.”

“ಹೇಳ್ಬೇಡಿ.” ಡಬ್ಬಿಯ ಮುಚ್ಚಳ ಹಾಕುತ್ತ, “ಅವಳಮ್ಮ ನಮ್ಮನೆಗೆ ಬಂದಾಗ್ಲೂ ಎಂಟೇ ವರ್ಷ. ಬಸ್ಸಲ್ಲಿ ಕಂಡಕ್ಟರ್ ಜೊತೆ ಕಳಿಸಿದ್ರು. ನೆನಪಿದೆಯಾ?”

ಇದೆ. ಅಂದು ಬಸ್ಸು ಐದು ನಿಮಿಷ ಮುಂಚೆ ಬಂದಿತ್ತು. ಆದರೂ ಅವಳು ಮೆಟ್ಟಿಲಿನಿಂದ ಇಳಿಯದೆ ನನ್ನ ಮುಖ ನೋಡುತ್ತ ನಿಂತಿದ್ದಳು — ಇವನು ನಂಬಬಹುದಾದ ಮನುಷ್ಯನೋ ಅಲ್ಲವೋ ಎಂದು.

ಈಗ ಒಂಬತ್ತು ಗಂಟೆ ಆಯಿತು ಮಗು ಮೇಲೆ ಹೋಗಿ. ಡಬ್ಬಿ ತೊಳೆದು ತಂದೆ. ಮತ್ತೊಮ್ಮೆ ತೊಳೆದೆ.

ಮೇ 22

ನಿನ್ನೆಯದು ಈಗ ಬರೆಯುತ್ತಿದ್ದೇನೆ. ಚಿನಕುರುಳಿ ಬಣ್ಣದ ಮಂಚದಲ್ಲಿ ನಿದ್ದೆ ಮಾಡುತ್ತಿದ್ದಾಳೆ, ಬೆಳಗಿನ ಹತ್ತಾದರೂ. ಅವಳ ಮೈಗೆ ಇದು ರಾತ್ರಿ ಎಂಟು. ಎರಡು ಗಡಿಯಾರದ ಲೆಕ್ಕ ಈಗ ನನಗೆ ಬರುತ್ತದೆ.

ಎಂಟೂ ಮೂವತ್ತೆರಡಕ್ಕೆ ಇಳಿಯಿತು. ಒಂಬತ್ತೂಕಾಲಿಗೆ ಬಾಗಿಲು. ಮಗುವನ್ನು ವಿಮಾನದ ಹುಡುಗಿಯೊಬ್ಬಳು ಕೈ ಹಿಡಿದು ತಂದಳು. ಕೊರಳಲ್ಲಿ ಕಾಗದಗಳ ಚೀಲ, ಕೈಯಲ್ಲಿ ಹಳದಿ ಹಾಳೆ. ಒಂದು ಕಡೆ ಬಿಗಿಯಾದ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು.

ಓಡಿ ಬರಲಿಲ್ಲ. ಎದುರು ನಿಂತು ಗಡಿಯಾರ ನೋಡಿದಳು.

“ಮಾವಜ್ಜ, ವಿಮಾನ ನಾಲ್ಕು ಟ್ರಿಪ್ ಹೊಡೀತು.”

“ಅಂದ್ರೆ?”

“ಮೂರೂವರೆಗೆ ಎದ್ದು ಬಾಗಿಲ ಹತ್ರ ಹೋದೆ. ವಿಮಾನದ ಅಕ್ಕ ವಾಪಸ್ ಕೂರಿಸಿದ್ಲು. ಇಳಿಯೋಕಾಗದಿದ್ರೆ ಬಸ್ಸು ಮತ್ತೆ ಹೋಗುತ್ತಲ್ಲ, ಹಾಗೆ ಸೊನ್ನೆಯಿಂದ ಶುರು ಮಾಡ್ದೆ. ಬೆಲ್ಟು ಹಾಕ್ದೆ. ಪಕ್ಕದ ತಾತಂಗೆ ಮತ್ತೆ ಒಂದು ನಗು. ಜಡೆ ಬಿಚ್ಚಿ ಮತ್ತೆ ಹಾಕ್ದೆ. ನಾಲ್ಕನೇ ಸಲ ಒಂದೇ ಜಡೆ ಆಯ್ತು, ಅಷ್ಟರಲ್ಲಿ ಇಳಿದುಬಿಡ್ತು.”

ವಿಮಾನದ ಹುಡುಗಿ ನಗು ತಡೆಯುತ್ತ ಸಹಿ ಹಾಕಿಸಿಕೊಂಡಳು. ನನ್ನ ಸಹಿ ನನ್ನದರ ಹಾಗೇ ಬರಲಿಲ್ಲ. ಎರಡು ಸಲ ಹಾಕಿಸಿದಳು.

“ಅಳು?” ಕೇಳಿದೆ. ಕೇಳಬಾರದಿತ್ತು, ಆದರೂ.

“ಒಂದೂವರೆ ನಾಲ್ಕು ಸಲ ಬಂತು. ಎರಡು ಸಲ ಅತ್ತೆ. ಇನ್ನೆರಡು ಬೇಡ ಅನ್ನಿಸ್ತು, ಗಾಡಿ ಬಿಟ್ಟೆ.”

ಆಮೇಲೆ ಜೇಬಿನಿಂದ ಮಡಿಸಿದ ಚೀಟಿ ತೆಗೆದಳು. ನಾನು ಹೇಳಿ ಬರೆಸಿದ ಮೂರು ಸಾಲು. ಶೀತದ ಹೆಣ್ಣುಮಗಳು ಕಳಿಸಿಯೇಬಿಟ್ಟಿದ್ದಳು. ಕೆಳಗೆ ತನ್ನದೇ ಒಂದು ಸಾಲು ಸೇರಿಸಿದ್ದಳು: ‘ನಿಜವಾಗಿಯೂ ಇಲ್ಲೇ ಇದ್ದಾರೆ, ನಾನು ನೋಡಿದ್ದೇನೆ.’

“ಇದು ಯಾರೋ ನಿನ್ನ ಹೆಸರಲ್ಲಿ ಬರೆದಿದಾರೆ ಮಾವಜ್ಜ. ನಾನು ನಂಬಲೇ ಇಲ್ಲ. ನಮ್ಮ ಮಾವಜ್ಜ ತಪ್ಪು ಅನ್ನಲ್ಲ ಅಂತ ಅಕ್ಕಂಗೂ ಹೇಳ್ದೆ. ವಿಮಾನದ್ದೇ ತಪ್ಪು ಅಂದೆ.”

ಮನೆಯಾಕೆ ಸೀರೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಾನು ಕುಕ್ಕರುಗಾಲಲ್ಲಿ ಕೂತೆ. ಮಂಡಿ ಲಟಕ್ ಎಂದಿತು.

“ನಾನೇ ಬರೆಸಿದ್ದು.”

“ನೀನಾ?”

“ನಾನೇ. ಲೆಕ್ಕ ತಪ್ಪಿದ್ದು ನಂದೇ. ವಿಮಾನ ಸರಿಯಾಗೇ ಬಂತು.”

ಬಹಳ ಹೊತ್ತು ನೋಡಿದಳು. ಅಮ್ಮನದೇ ನೋಟ, ಬಸ್ಸಿನ ಮೆಟ್ಟಿಲಿನದು.

“ಹತ್ತು ಗಂಟೆ ಅಂದ್ರೆ ಜಾಸ್ತಿ ಆಯ್ತು ಮಾವಜ್ಜ.”

“ಜಾಸ್ತಿ ಆಯ್ತು.”

“ಎರಡನೇ ಟ್ರಿಪ್ಪಲ್ಲಿ ಸ್ವಲ್ಪ ಭಯ ಆಯ್ತು. ಬಿದ್ದೋಗುತ್ತೆ ಅಂತಲ್ಲ. ನೀನು ಬಾಗಿಲಲ್ಲಿ ನಿಂತಿರ್ತೀಯಲ್ಲ, ಕಾಲು ನೋಯುತ್ತೇನೋ ಅಂತ.”

ಅಷ್ಟು ಹೇಳಿ ಬಿಚ್ಚುಗೂದಲಿನ ಕಡೆಯನ್ನು ನನ್ನತ್ತ ತಿರುಗಿಸಿ ನಿಂತಳು, ಜಡೆ ಹಾಕಲಿ ಎಂದು. ಬಸ್ಸಿನ ಹಗ್ಗ ಬಿಟ್ಟರೆ ನಾನು ಏನನ್ನೂ ಹೆಣೆದವನಲ್ಲ. ಹೆಣೆದೆ. ಮನೆಯಾಕೆ ಬಿಚ್ಚಿಸಲಿಲ್ಲ.

ಟ್ಯಾಗಿನವನ ಸಂದೇಶ? ಪೈಲಟ್ ಬಂದು ಏನೂ ಹೇಳಲಿಲ್ಲವಂತೆ. ಮತ್ತೆ ಮತ್ತೆ ಕೇಳಿದೆ. ಇಲ್ಲವಂತೆ.

ಮೇ 23

ಆಪರೇಷನ್ ಆಯಿತು. ಕಾಲ ಬೆರಳು ಅಲ್ಲಾಡಿಸುತ್ತಾಳಂತೆ. ಗೆಳತಿ ಫೋನು ಹಿಡಿದಳು, ಅಕ್ಕನ ಮಗಳ ದನಿ ದಾರದಷ್ಟು.

“ಮಗು ಹೆದರಿದ್ಲಾ ಮಾವ?”

ವಿಮಾನ ಅರ್ಧ ಗಂಟೆ ಆಚೆ ಈಚೆ ಆಯಿತು ಅಷ್ಟೇ ಎಂದೆ. ಚಿನಕುರುಳಿ ಪಕ್ಕದಲ್ಲೇ ಇದ್ದಳು. ನನ್ನ ಮುಖ ನೋಡಿದಳು. ಫೋನು ತೆಗೆದುಕೊಂಡು, “ಹೌದಮ್ಮ, ಅರ್ಧ ಗಂಟೆ,” ಎಂದಳು.

ಫೋನಿಟ್ಟ ಮೇಲೆ, “ಅಮ್ಮ ನಡೆದಾಡೋ ಹಾಗಾದ ಮೇಲೆ ನೀನೇ ಸರಿ ಮಾಡಿ ಹೇಳ್ಬೇಕು,” ಎಂದಳು. ಒಪ್ಪಿದೆ.

ಜೂನ್ 14

ಬಹಳ ದಿನ ಆಯಿತು. ಅವಳನ್ನು ಶಾಲೆಗೆ ಬಿಡುವುದು, ತರುವುದು. ಸಂಜೆ ನಿಲ್ದಾಣದಲ್ಲಿ ನನ್ನ ಸ್ಟೂಲಿನ ಪಕ್ಕ ಕೂತು ಬಸ್ಸು ಬರೆದುಕೊಳ್ಳುತ್ತಾಳೆ. ನಿನ್ನೆ ನನ್ನದೊಂದು ಎಂಟ್ರಿ ತಿದ್ದಿದಳು. ಡ್ರೈವರುಗಳು ಚಪ್ಪಾಳೆ ಹೊಡೆದರು. ಸರಿಯಾಗಿಯೇ ತಿದ್ದಿದ್ದಳು.

ಅವರಮ್ಮ ಈಗ ತಾನಾಗಿ ಮಗ್ಗುಲು ಬದಲಿಸುತ್ತಾಳೆ. “ಇನ್ನೆಷ್ಟು ದಿನ ಮಾವಜ್ಜ?” ಎಂದು ಚಿನಕುರುಳಿ ಕೇಳಿದಳು ಇಂದು. ಬಾಯಿಗೆ ಒಂದು ಅಂಕಿ ಬಂದಿತ್ತು. ನುಂಗಿ, “ಗೊತ್ತಿಲ್ಲ ಮಗು, ಡಾಕ್ಟರನ್ನ ಕೇಳೋಣ,” ಎಂದೆ. ಮನೆಯಾಕೆಯ ಮಿಷನ್ನು ನಿಂತುಬಿಟ್ಟಿತು.

ಮಿಷನ್ನು ನಿಂತದ್ದೇ ತಪ್ಪಾಯಿತು. ಅವಳಿಗೆ ಬೇರೆ ಯೋಚನೆ ಬಂತು.

“ರೀ, ನಿಮ್ಮ ರಿಟೈರ್‌ಮೆಂಟಿಗೆ ಡಿಪೋದೋರಿಗೆಲ್ಲ ಊಟ ಹಾಕಿಸ್ತೀನಿ ಅಂತ ಇಟ್ಟಿದ್ರಲ್ಲ, ಆ ದುಡ್ಡೆಲ್ಲಿ?”

“ಊಟ ಯಾಕೆ. ಟೀ ಸಾಕು. ಸರಳವಾಗಿರಬೇಕು ಮನುಷ್ಯ.”

“ನೀವಾ?”

ಐನೂರು ಖರ್ಚಾಗಿದೆ, ವಿಮಾನ ನಿಲ್ದಾಣದಲ್ಲಿ ಟೀ ತುಂಬ ದುಬಾರಿ ಎಂದೆ. ನಂಬಿದಳೋ ಇಲ್ಲವೋ. ಮಿಷನ್ನು ಮತ್ತೆ ಓಡಿತು.

ಅವಳಿಗೆ ಹೇಳಿದ್ದು ಹಾಗೆ. ಮೇ 21ಕ್ಕೆ ಇಲ್ಲಿ ಬರೆದದ್ದೂ ಸುಳ್ಳೇ. ಓದುವವರು ಯಾರೂ ಇಲ್ಲದ ಪುಸ್ತಕಕ್ಕೂ ಸುಳ್ಳು ಬರೆದ ಮನುಷ್ಯ ನಾನು. ಹಾಫ್ ಟಿಕೆಟ್ ಎಂದು ಪಟ್ಟು ಹಿಡಿಯಲೇ ಇಲ್ಲ. ಮಗುವಿನ ವಿಷಯದಲ್ಲಿ ಅರ್ಧ ಎನ್ನಲು ನಾಲಿಗೆ ಬರಲಿಲ್ಲ. ಕಿಲೋಮೀಟರಿಗೆ ಒಂದು ರೂಪಾಯಿಯಂತೆ ಹನ್ನೆರಡು ಸಾವಿರ, ಪೂರ್ತಿ. ಆ ಟ್ಯಾಗಿನವನು ಹತ್ತು ನಿಮಿಷ ಬಿಟ್ಟು ಬಂದು, ಉತ್ತರ ಬಂದಿದೆ ಅಂಕಲ್, ಅದರ ಚಾರ್ಜು ಬೇರೆ ಎಂದ. ಇನ್ನೂ ಹನ್ನೆರಡು ಸಾವಿರ. ಕೊಟ್ಟೆ. ಆಮೇಲೆ ಹೇಳಿದ, ಮಗು ನಕ್ಕಿತಂತೆ ಎಂದು. ಹೇಳುವಾಗ ಅವನು ನನ್ನ ಮುಖ ನೋಡುತ್ತಿರಲಿಲ್ಲ. ವಾಕಿಟಾಕಿಯಲ್ಲಿ ಬ್ಯಾಟರಿಯ ಮುಚ್ಚಳ ಇರಲಿಲ್ಲ, ಒಳಗೆ ಬ್ಯಾಟರಿಯೂ ಇರಲಿಲ್ಲ. ಕಂಡಿತ್ತು ನನಗೆ. ಇಷ್ಟು ವರ್ಷ ಸುಳ್ಳು ಹೇಳಿ ಬದುಕಿದವನಿಗೆ ಸುಳ್ಳಿನ ಗುರುತು ಸಿಗುವುದಿಲ್ಲವೇ. ಆದರೂ, ಇನ್ನೊಂದು ಸಲ ಹೇಳಪ್ಪ ಎಂದೆ. ನಕ್ಕಿತು ಅಂಕಲ್ ಎಂದ. ಹೇಗೆ ನಕ್ಕಿತು ಎಂದು ಕೇಳಿದೆ. ಅವನಿಗೂ ಏನನ್ನಿಸಿತೋ, ಈ ಸಲ ನನ್ನ ಪಕ್ಕ ಕೂತು, ಮೆಲ್ಲಗೆ ಹೇಳಿದ — ಹಲ್ಲು ಕಾಣೋ ಹಾಗೆ ನಕ್ಕಿತಂತೆ ಅಂಕಲ್. ಅದಕ್ಕವನು ಏನೂ ಕೇಳಲಿಲ್ಲ. ನಾನೇ ಐನೂರು ಕೊಟ್ಟೆ. ಒಟ್ಟು ಇಪ್ಪತ್ತನಾಲ್ಕು ಸಾವಿರದ ಐನೂರು. ಇದೇ ನಿಜವಾದ ಮೊತ್ತ. ಇನ್ನೂ ಕೇಳಿದ್ದರೆ ಅದನ್ನೂ ಕೊಟ್ಟುಬಿಡುತ್ತಿದ್ದೆ.